ಬೆನ್ನಿನ ಆಳ, ನಡುವಿನ ಸುತ್ತಳತೆ

ಹೆರಿಗೆಗೆಂದು ಆಸ್ಪತ್ರೆಗೆ ಬಂದ ಗರ್ಭಿಣಿಯನ್ನು ಮೊದಲು ತೂಕದ ಯಂತ್ರದ ಮೇಲೆ ನಿಲ್ಲಿಸುವುದು ನಮ್ಮಲ್ಲಿ ಎಲ್ಲೆಡೆಯೂ ನಡೆದುಬಂದ ಪದ್ಧತಿ. ಆ ಯಂತ್ರ ತೋರಿದ ಅಂಕಿ ಕೇಸ್ ಷೀಟಿನ ಮೊದಲ ಪುಟವನ್ನು ಸೇರಿದೊಡನೆ ಆಕೆಯ ದೇಹದ ಕುರಿತು ತಿಳಿಯತಕ್ಕದ್ದೆಲ್ಲವೂ ತಿಳಿದುಹೋಯಿತೆಂಬ ಭಾವನೆ ಓದಿದವರ ಮನಸ್ಸಿನಲ್ಲಿ ಮೂಡಿಬಿಡುತ್ತದೆ. ಆದರೆ ಪ್ರಸವವೇದನೆಯ ಉಪಶಮನಕ್ಕಾಗಿಯೋ ಸಿಸೇರಿಯನ್ ಶಸ್ತ್ರಕ್ರಿಯೆಗಾಗಿಯೋ ಆಕೆಯ ಬೆನ್ನಿಗೆ ಎಪಿಡ್ಯೂರಲ್ ಅರಿವಳಿಕೆಯನ್ನು ಕೊಡಬೇಕಾಗಿ ಬಂದಾಗ, ಅದರಲ್ಲಿಯೂ ಆಕೆ ಸ್ಥೂಲಕಾಯಳಾಗಿದ್ದಾಗ, ಆ ಒಂದು ಅಂಕಿ ಹೇಳುವುದು ಅತ್ಯಲ್ಪ. ಎತ್ತರ, ನಡುವಿನ ಸುತ್ತಳತೆ, ಬೆನ್ನೆಲುಬಿನ ಉದ್ದ, ಕೊರಳಿನ ಸುತ್ತಳತೆ, ಚರ್ಮದಿಂದ ಬೆನ್ನೊಳಗಿನ ಒಂದು ಕಿರಿದಾದ ಅವಕಾಶದವರೆಗಿನ ದೂರ ಇವೆಲ್ಲವೂ ಕೂಡಿಯೇ ವೈದ್ಯರ ಕೈಯನ್ನು ಸರಿಯಾದ ದಾರಿಯಲ್ಲಿ ನಡೆಸಬೇಕೆಂಬುದು ಅರಿವಳಿಕೆಯ ಶಾಸ್ತ್ರವು ಕಳೆದ ನಾಲ್ಕೈದು ದಶಕಗಳಲ್ಲಿ ನಿಧಾನವಾಗಿ ಕಲಿತ ಪಾಠ.

ಈ ಪಾಠವು ಪರದೇಶದ ದೊಡ್ಡ ಆಸ್ಪತ್ರೆಗಳಿಗೆ ಮಾತ್ರ ಸಂಬಂಧಿಸಿದ್ದೆಂದು ಎಣಿಸುವ ಕಾಲ ಕಳೆದುಹೋಗಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49ರ ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಸುಮಾರು 30 ಮಂದಿ ಅಧಿಕ ತೂಕದವರು ಇಲ್ಲವೆ ಸ್ಥೂಲಕಾಯರು. ಅದೇ ಸಮೀಕ್ಷೆ ಹೇಳುವಂತೆ ನಮ್ಮ ರಾಜ್ಯದ ನೂರು ಹೆರಿಗೆಗಳಲ್ಲಿ 31ಕ್ಕೂ ಮಿಗಿಲಾದವು ಸಿಸೇರಿಯನ್ ಮೂಲಕ ಆದವು. ಈ ಎರಡು ಅಂಕಿಗಳು ಒಂದೇ ಶಸ್ತ್ರಕ್ರಿಯಾ ಮಂಚದ ಮೇಲೆ ಕೂಡುವ ಸಂದರ್ಭ ತುಮಕೂರಿನಲ್ಲಿಯೂ ಕಲಬುರಗಿಯಲ್ಲಿಯೂ ದಿನಂಪ್ರತಿ ಒದಗುತ್ತಿರುವುದರಿಂದ, ಜನರು 'ಬೆನ್ನಿಗೆ ಇಂಜೆಕ್ಷನ್' ಎಂದು ಕರೆಯುವ ಆ ಕ್ರಿಯೆಯ ಹಿಂದೆ ಇರುವ ಅಳತೆಗಳ ವಿಚಾರವನ್ನು ವಾಚಕರ ಮುಂದೆ ಸ್ವಲ್ಪ ವಿಸ್ತಾರವಾಗಿಯೇ ಇಡಬೇಕೆನಿಸಿತು.

ಬೆನ್ನಿನ ಮಧ್ಯರೇಖೆಯಲ್ಲಿ ಸೂಜಿಯೊಂದನ್ನು ಒಳಗೆ ನೂಕಿದರೆ ಅದು ಮೊದಲು ಚರ್ಮವನ್ನೂ, ಅನಂತರ ಕೊಬ್ಬಿನ ಪದರವನ್ನೂ, ಆಮೇಲೆ ಎಲುಬಿನ ಮುಳ್ಳುಗಳನ್ನು ಒಂದಕ್ಕೊಂದು ಬಿಗಿದಿರುವ ಎರಡು ಬಗೆಯ ಅಸ್ಥಿಬಂಧಗಳನ್ನೂ ದಾಟಿ, ಕಡೆಯಲ್ಲಿ ಹಳದಿ ಬಣ್ಣದ್ದಾದ ಗಡುಸಾದ ಮತ್ತೊಂದು ಅಸ್ಥಿಬಂಧವನ್ನು ತಲುಪುತ್ತದೆ. ಅದನ್ನು ಭೇದಿಸಿದೊಡನೆ ಸಿಗುವುದೇ ಎಪಿಡ್ಯೂರಲ್ ಅವಕಾಶ. ಸೊಂಟದ ಭಾಗದಲ್ಲಿ ಮಧ್ಯರೇಖೆಯ ಮೇಲೆ ಅದರ ಅಗಲ ಐದಾರು ಮಿಲಿಮೀಟರುಗಳಷ್ಟೇ. ಅದರಲ್ಲಿ ಕೊಬ್ಬೂ ತೆಳುಗೋಡೆಯ ರಕ್ತನಾಳಗಳೂ ನರಗಳ ಬೇರುಗಳೂ ಇರುತ್ತವೆ. ಅದರ ಆಚೆಗೆ ಡ್ಯೂರಾ ಎಂಬ ಪೊರೆಯೂ, ಆ ಪೊರೆಯ ಒಳಗೆ ನರಗಳನ್ನು ತೇಲಿಸಿಕೊಂಡಿರುವ ತಿಳಿಯಾದ ರಸವೂ ಇವೆ. ಸೂಜಿಯು ಆ ಅವಕಾಶದಲ್ಲಿ ನಿಲ್ಲತಕ್ಕದ್ದೇ ಹೊರತು ಪೊರೆಯನ್ನು ಮುಟ್ಟತಕ್ಕದ್ದಲ್ಲ. ದಪ್ಪನಾದ ಎಪಿಡ್ಯೂರಲ್ ಸೂಜಿಯಿಂದ ಪೊರೆಯಲ್ಲಿ ತೂತಾದರೆ ರಸ ಸೋರಿ, ಎದ್ದು ಕುಳಿತ ಕ್ಷಣವೇ ತಲೆ ಸಿಡಿದುಹೋಗುವಂತಹ ನೋವು ಅರ್ಧಕ್ಕೂ ಹೆಚ್ಚು ಮಂದಿಯನ್ನು ಕಾಡುತ್ತದೆ; ಎಳೆಗೂಸನ್ನು ಎತ್ತಿಕೊಂಡು ಹಾಲೂಡಿಸಬೇಕಾದ ತಾಯಿ ಮಲಗಿದಲ್ಲಿಂದ ತಲೆಯೆತ್ತಲಾರದೆ ದಿನಗಟ್ಟಲೆ ನರಳಬೇಕಾಗುತ್ತದೆ.

ಈ ಅವಕಾಶವನ್ನು ಸೊಂಟದ ಕಡೆಯಿಂದ ಪ್ರವೇಶಿಸುವ ವಿಧಾನವನ್ನು 1921ರಲ್ಲಿ ಮೊದಲು ವಿವರಿಸಿ ಬರೆದವನು ಸ್ಪೇನ್ ದೇಶದ ಸೇನಾವೈದ್ಯ ಫಿದೆಲ್ ಪಾಹೆಸ್. ಎರಡು ವರ್ಷಗಳಲ್ಲೇ ಆತನು ಅಪಘಾತದಲ್ಲಿ ತೀರಿಹೋದುದರಿಂದ ಆ ಬರಹ ಹೊರಜಗತ್ತಿನ ಕಣ್ಣಿಗೆ ಬೀಳದೆಯೇ ಉಳಿಯಿತು. ಹತ್ತು ವರ್ಷಗಳ ತರುವಾಯ ಇಟಲಿಯ ಅಕಿಲೆ ದೊಲ್ಯೊಟ್ಟಿ ಸ್ವತಂತ್ರವಾಗಿ ಅದೇ ದಾರಿಯನ್ನು ಹಿಡಿದು, ಸಿರಿಂಜಿನ ಹಿಡಿಯ ಮೇಲೆ ಹೆಬ್ಬೆರಳನ್ನಿಟ್ಟು ಒತ್ತುತ್ತ ಹೋಗುವಾಗ ಅಸ್ಥಿಬಂಧದಲ್ಲಿ ಕಾಣುವ ಪ್ರತಿರೋಧವು ಅವಕಾಶವನ್ನು ಮುಟ್ಟಿದೊಡನೆ ಥಟ್ಟನೆ ಇಲ್ಲವಾಗುವುದೆಂಬ ಗುರುತನ್ನು ಲೋಕಕ್ಕೆ ತಿಳಿಸಿದನು. ಇಂದಿಗೂ ಆ ಪ್ರತಿರೋಧನಾಶವೇ ಮುಖ್ಯ ಗುರುತು. ತುದಿ ಬಾಗಿದ ಟೂಹಿ ಸೂಜಿ 1940ರ ದಶಕದಲ್ಲಿ ಬಂದಿತು. 1947ರಲ್ಲಿ ಹವಾನಾ ನಗರದಲ್ಲಿ ಮಾನುಯೆಲ್ ಮಾರ್ಟಿನೆಸ್ ಕುರ್ಬೆಲೊ ಅದೇ ಸೂಜಿಯ ಮೂಲಕ ಕ್ಯಾಥೆಟರು ಎಂಬ ಸಣ್ಣ ಕೊಳವೆಯನ್ನು ಅವಕಾಶದೊಳಗೆ ಇಳಿಬಿಟ್ಟು, ಬೇಕೆಂದಾಗಲೆಲ್ಲ ಔಷಧವನ್ನು ಮತ್ತೆ ಮತ್ತೆ ಕೊಡುವ ಅನುಕೂಲವನ್ನು ಸಾಧಿಸಿದನು. ಈ ಮಹನೀಯರೆಲ್ಲರೂ ನಂಬಿದ್ದುದು ತಮ್ಮ ಬೆರಳಿನ ತುದಿಯನ್ನು. ಎಲುಬು ಬೆರಳಿಗೆ ತಗಲುವಂತಹ ಬೆನ್ನಿನಲ್ಲಿ ಆ ನಂಬಿಕೆ ಸಾರ್ಥಕ.

ಸ್ಥೂಲವಾದ ಬೆನ್ನಿನಲ್ಲಿ ಬೆರಳಿಗೆ ಎಲುಬು ತಗಲುವುದಿಲ್ಲ. ಎರಡು ಕಡೆಯ ಸೊಂಟದೆಲುಬಿನ ಮೇಲಂಚುಗಳನ್ನು ಕೂಡಿಸುವ ಗೆರೆಯು ಸೊಂಟದ ನಾಲ್ಕನೆಯ ಕಶೇರುವಿನ ಮೇಲೆ ಅಥವಾ ನಾಲ್ಕು-ಐದರ ನಡುವೆ ಹಾಯುತ್ತದೆಂಬುದು ಫ್ರಾನ್ಸಿನ ಶಸ್ತ್ರವೈದ್ಯ ಟ್ಯೂಫಿಯೆಯ ಹೆಸರಿನಲ್ಲಿ ಪ್ರಸಿದ್ಧವಾದ ನಿಯಮ. ಆದರೆ ಆ ಅಂಚುಗಳ ಮೇಲೆಯೇ ಕೊಬ್ಬಿನ ದಪ್ಪ ಪದರವಿದ್ದರೆ ಬೆರಳು ನಿಜವಾದ ಎಲುಬಿಗಿಂತ ಎಷ್ಟೋ ಮೇಲೆ ನಿಂತುಬಿಡುತ್ತದೆ, ಗೆರೆಯೂ ಅದರೊಡನೆ ಮೇಲಕ್ಕೇರುತ್ತದೆ. 2000ದಲ್ಲಿ ಬ್ರಾಡ್‌ಬೆಂಟ್ ಮತ್ತು ಸಂಗಡಿಗರು ಇಂಗ್ಲೆಂಡಿನಲ್ಲಿ ಪ್ರಕಟಿಸಿದ ಒಂದು ಪರಿಶೀಲನೆ ಈ ವಿಷಯದಲ್ಲಿ ಅರಿವಳಿಕೆ ತಜ್ಞರನ್ನೆಲ್ಲ ಎಚ್ಚರಿಸಿತು: ಬೆನ್ನಿನ ಮೇಲೆ ಗುರುತು ಮಾಡಿದ, ಕಶೇರುಗಳ ನಡುವಣ ಸಂದು ಯಾವುದೆಂದು ಅನುಭವಿ ವೈದ್ಯರು ಮುಟ್ಟಿ ನೋಡಿ ಹೇಳಿದ್ದನ್ನು ಎಂ.ಆರ್.ಐ. ಚಿತ್ರದೊಡನೆ ಹೋಲಿಸಿದಾಗ ಸರಿಯಾದದ್ದು ನೂರಕ್ಕೆ 29 ಮಾತ್ರ. ಉಳಿದವುಗಳಲ್ಲಿ ಬಹುಪಾಲು ಎಣಿಸಿದುದಕ್ಕಿಂತ ಒಂದು ಸಂದು ಮೇಲಿದ್ದವು, ಕೆಲವು ನಾಲ್ಕು ಸಂದುಗಳಷ್ಟು ಮೇಲಿದ್ದವು. ಸ್ಥೂಲಕಾಯದಲ್ಲಿ ತಪ್ಪು ಇನ್ನೂ ಹೆಚ್ಚು. ಬೆನ್ನುಹುರಿಯು ಬಹುಮಂದಿಯಲ್ಲಿ ಸೊಂಟದ ಮೊದಲನೆಯ ಕಶೇರುವಿನ ಬಳಿ ಮುಗಿಯುವುದಾದ್ದರಿಂದ ಎರಡು ಮೂರು ಸಂದು ಮೇಲೆ ಚುಚ್ಚುವುದೆಂದರೆ ಬೆನ್ನುಹುರಿಯ ನೆರೆಗೇ ಸೂಜಿಯನ್ನು ಒಯ್ಯುವುದೆಂದರ್ಥ.

ಹೆರಿಗೆ ವಾರ್ಡಿನಲ್ಲಿ ಇದು ಹೇಗೆ ನಡೆಯುತ್ತದೆಂಬುದನ್ನು ಹತ್ತಿರದಿಂದ ನೋಡಬೇಕು. ನೂರಾಹತ್ತು ಕಿಲೋ ತೂಕದ ಹೆಂಗಸೊಬ್ಬಳು ಮಂಚದ ಅಂಚಿನಲ್ಲಿ ಕಾಲುಗಳನ್ನು ಸ್ಟೂಲಿನ ಮೇಲಿಟ್ಟು, ದಿಂಬನ್ನು ಅಪ್ಪಿಕೊಂಡು, ಗದ್ದವನ್ನು ಎದೆಗೆ ಒತ್ತಿ, ಬೆನ್ನನ್ನು ಹೊರಕ್ಕೆ ಬಾಗಿಸಿ ಕುಳಿತಿರುತ್ತಾಳೆ. ಸಿಸ್ಟರ್ ಎದುರಿನಲ್ಲಿ ನಿಂತು ಆಕೆಯ ಭುಜಗಳನ್ನು ಹಿಡಿದಿರುತ್ತಾಳೆ. ನೋವು ಮೂರು ನಿಮಿಷಕ್ಕೊಮ್ಮೆ ಬರುತ್ತಿರುತ್ತದೆ. ಹಿಂದೆ ಕುಳಿತ ವೈದ್ಯರು ಮೊದಲು ಕತ್ತಿನ ಬುಡದಲ್ಲಿ ಎದ್ದು ಕಾಣುವ ಏಳನೆಯ ಕಶೇರುವನ್ನು ಹುಡುಕಿ, ಕೆಳಗೆ ಪೃಷ್ಠದ ಸೀಳು ಎಲ್ಲಿ ಮೊದಲಾಗುವುದೆಂಬುದನ್ನು ನೋಡಿಕೊಂಡು, ಆ ಎರಡು ಬಿಂದುಗಳ ನಡುವೆ ಪೆನ್ನಿನಿಂದ ಒಂದು ಗೆರೆ ಎಳೆಯುತ್ತಾರೆ. ನಡುವಿನಲ್ಲಿ ಎಲುಬು ಒಂದೂ ಕೈಗೆ ಸಿಗದಿದ್ದಾಗ ಮಧ್ಯರೇಖೆಯ ಸಾಕ್ಷಿಯನ್ನು ರೋಗಿಯಿಂದಲೇ ಕೇಳಬೇಕಾಗುತ್ತದೆ. "ನನ್ನ ಬೆರಳು ನಡುವೆ ಇದೆಯೇನಮ್ಮಾ, ಎಡಕ್ಕೋ ಬಲಕ್ಕೋ, ಹೇಳಿ" ಎಂದರೆ, ಆಕೆ ಉಸಿರು ಹಿಡಿದು, "ಒಂಚೂರು ಬಲಕ್ಕಾಯ್ತು ಡಾಕ್ಟ್ರೇ" ಎನ್ನುತ್ತಾಳೆ. ಕಣ್ಣಿಗೂ ಬೆರಳಿಗೂ ಕಾಣದ ಮಧ್ಯರೇಖೆ ಆಕೆಯ ಚರ್ಮದ ಸ್ಪರ್ಶಜ್ಞಾನಕ್ಕೆ ಸ್ಪಷ್ಟವಾಗಿ ತಿಳಿದಿರುತ್ತದೆ. ಈ ಉತ್ತರವನ್ನು ಅನುಸರಿಸಿ ಸೂಜಿಯನ್ನು ತಿದ್ದಿಕೊಳ್ಳುವುದು ಸ್ಥೂಲಕಾಯರ ಎಪಿಡ್ಯೂರಲ್‌ನಲ್ಲಿ ಕೈಪಳಗಿದವರೆಲ್ಲರೂ ಬಲ್ಲ ಉಪಾಯ.

ಇನ್ನು ಆಳದ ಮಾತು. ಸಾಧಾರಣ ಮೈಕಟ್ಟಿನವರಲ್ಲಿ ಚರ್ಮದಿಂದ ಎಪಿಡ್ಯೂರಲ್ ಅವಕಾಶದವರೆಗಿನ ದೂರ ನಾಲ್ಕರಿಂದ ಆರು ಸೆಂಟಿಮೀಟರು. ಮಾಮೂಲಿನ ಟೂಹಿ ಸೂಜಿಯ ಉದ್ದ ಎಂಟು ಸೆಂಟಿಮೀಟರು. ಅದರ ಮೇಲೆ ಸೆಂಟಿಮೀಟರಿಗೊಂದರಂತೆ ಗುರುತುಗಳಿರುತ್ತವೆ. ಸ್ಥೂಲವಾದ ಬೆನ್ನಿನಲ್ಲಿ ಸೂಜಿಯು ಬೆಣ್ಣೆಯಲ್ಲಿ ಹೋದಂತೆ ಕೊಬ್ಬಿನಲ್ಲಿ ತಡೆಯಿಲ್ಲದೆ ಹೋಗುತ್ತಿರುವಾಗ, ಪ್ರತಿರೋಧವು ಇಲ್ಲವಾದಂತೆ ಸುಳ್ಳು ಸೂಚನೆಯೂ ನಡುನಡುವೆ ಬರುವುದುಂಟು. ಆಗ ಸೂಜಿ ನಾಲ್ಕನೆಯ ಗುರುತಿನಲ್ಲಿದೆಯೋ ಏಳನೆಯದರಲ್ಲಿದೆಯೋ ಎಂಬುದಷ್ಟೇ ಅಲ್ಲ, ಈ ಬೆನ್ನಿನಲ್ಲಿ ಅವಕಾಶವು ಎಷ್ಟು ಆಳದಲ್ಲಿ ಇರಲು ಸಾಧ್ಯವೆಂಬ ಪೂರ್ವಜ್ಞಾನವೂ ಇದ್ದರೆ ಮಾತ್ರ ಆ ಸೂಚನೆಯನ್ನು ನಂಬಬೇಕೋ ಬಿಡಬೇಕೋ ಎಂದು ನಿರ್ಣಯಿಸಲು ಬರುತ್ತದೆ. ಈ ಪೂರ್ವಜ್ಞಾನವನ್ನು ದೇಹದ ಹೊರಗಿನ ಅಳತೆಗಳಿಂದ ಪಡೆಯಲಾದೀತೇ ಎಂದು ಅನೇಕ ದೇಶಗಳ ವೈದ್ಯರು ಪರೀಕ್ಷಿಸಿ ನೋಡಿದರು. ಅಮೆರಿಕದ ಮಿಷಿಗನ್ ಸಂಸ್ಥಾನದಲ್ಲಿ ಎರಡು ಸಾವಿರಕ್ಕೂ ಮಿಕ್ಕ ಗರ್ಭಿಣಿಯರಿಂದ ಸಂಗ್ರಹಿಸಿ 2007ರಲ್ಲಿ ಪ್ರಕಟಿಸಿದ ಮಾಹಿತಿಯೂ, ನಮ್ಮ ದೇಶದ ವೈದ್ಯರೇ 2011ರಲ್ಲಿ ಪ್ರಕಟಿಸಿದ ಅಧ್ಯಯನವೂ ಒಂದೇ ದಿಕ್ಕನ್ನು ತೋರಿದವು: ಎತ್ತರಕ್ಕೆ ತಕ್ಕ ತೂಕವನ್ನು ಸೂಚಿಸುವ ಬಿ.ಎಂ.ಐ. ಹೆಚ್ಚಿದಂತೆ ಆಳವೂ ಹೆಚ್ಚುತ್ತದೆ. ಸ್ಥೂಲ ಲೆಕ್ಕದಲ್ಲಿ ಬಿ.ಎಂ.ಐ. ಒಂದು ಅಂಶ ಏರಿದರೆ ಆಳವು ಒಂದು ಮಿಲಿಮೀಟರಿನಷ್ಟು ಏರುವುದೆಂದು ಇಟ್ಟುಕೊಳ್ಳಬಹುದು.

ಈ ಲೆಕ್ಕದಿಂದ ಸಿಗುವ ಒಂದು ಸಮಾಧಾನವನ್ನು ಎತ್ತಿ ಹೇಳಬೇಕು. ಅತಿ ಸ್ಥೂಲಕಾಯರಲ್ಲಿಯೂ ಬಹುಪಾಲು ಮಂದಿಗೆ ಎಂಟು ಸೆಂಟಿಮೀಟರಿನ ಸೂಜಿಯೇ ಸಾಲುತ್ತದೆ. ಹೊರಗಿನಿಂದ ಕಾಣುವ ಗಾತ್ರಕ್ಕೆ ಬೆದರಿ ಮೊದಲಿಗೇ ಹನ್ನೊಂದು, ಹದಿನೈದು ಸೆಂಟಿಮೀಟರಿನ ಉದ್ದ ಸೂಜಿಯನ್ನು ಕೈಗೆತ್ತಿಕೊಳ್ಳುವುದು ಅನಾವಶ್ಯಕ, ಅಪಾಯಕರವೂ ಹೌದು, ಏಕೆಂದರೆ ಉದ್ದ ಸೂಜಿ ದಾರಿಯಲ್ಲಿ ಬಾಗುತ್ತದೆ, ಮಧ್ಯರೇಖೆಯಿಂದ ಒಂದೆರಡು ಡಿಗ್ರಿ ವಾಲಿದರೂ ಹತ್ತು ಸೆಂಟಿಮೀಟರಿನ ಆಳದಲ್ಲಿ ಅದು ಬೇರೆಲ್ಲೋ ಇರುತ್ತದೆ. ಆದರೂ ಅದು ಕೋಣೆಯಲ್ಲಿ ಕೈಗೆಟಕುವಂತೆ ಇರಲೇಬೇಕು.

ಆಳದ ಅಳತೆ ಸೂಜಿಯನ್ನು ಹೊರತೆಗೆದ ಮೇಲೆಯೂ ಬೇಕಾಗುತ್ತದೆ. ಏಳು ಸೆಂಟಿಮೀಟರಿನಲ್ಲಿ ಅವಕಾಶ ಸಿಕ್ಕಿತು, ಅದರೊಳಗೆ ನಾಲ್ಕು ಸೆಂಟಿಮೀಟರು ಕ್ಯಾಥೆಟರು ಉಳಿಯಬೇಕು, ಆದ್ದರಿಂದ ಹನ್ನೊಂದರ ಗುರುತು ಚರ್ಮದ ಮೇಲಿರಲಿ ಎಂದು ಲೆಕ್ಕ ಹಾಕಿ, ಬಾಗಿ ಕುಳಿತ ಭಂಗಿಯಲ್ಲಿಯೇ ಪ್ಲಾಸ್ಟರು ಅಂಟಿಸಿಬಿಟ್ಟರೆಂದಿಟ್ಟುಕೊಳ್ಳಿ. ಆಕೆ ನೆಟ್ಟಗಾಗಿ ಮಗ್ಗುಲಾಗಿ ಮಲಗಿದೊಡನೆ ಬೆನ್ನಿನ ಮೇದಸ್ಸು ಹೊರಕ್ಕೆ ಸರಿಯುತ್ತದೆ, ಚರ್ಮಕ್ಕೂ ಅವಕಾಶಕ್ಕೂ ನಡುವಣ ದೂರ ದೊಡ್ಡದಾಗುತ್ತದೆ, ಅಂಟಿಕೊಂಡ ಕ್ಯಾಥೆಟರು ಒಳಗಿನಿಂದ ಹೊರಕ್ಕೆ ಸೆಳೆಯಲ್ಪಡುತ್ತದೆ. ಹ್ಯಾಮಿಲ್ಟನ್ ಮತ್ತು ಸಂಗಡಿಗರು 1997ರಲ್ಲಿ ಇದನ್ನು ಅಳೆದು ತೋರಿಸಿದರು: ಸ್ಥೂಲಕಾಯದ ಹೆಂಗಸರಲ್ಲಿ ಈ ಸರಿದಾಟ ಸರಾಸರಿ ಒಂದು ಸೆಂಟಿಮೀಟರಿಗೂ ಹೆಚ್ಚು, ಕೆಲವರಲ್ಲಿ ಅದಕ್ಕಿಂತಲೂ ಬಹಳ ಹೆಚ್ಚು. ಆಕೆಯನ್ನು ನೆಟ್ಟಗೆ ಕೂರಿಸಿ ಇಲ್ಲವೆ ಮಗ್ಗುಲಾಗಿ ಮಲಗಿಸಿ, ಚರ್ಮವು ತಾನಾಗಿ ನೆಲೆಗೊಂಡ ಮೇಲೆಯೇ ಪ್ಲಾಸ್ಟರು ಅಂಟಿಸಬೇಕೆಂಬುದು ಅವರ ಸಲಹೆ. ರಾತ್ರಿ ಎರಡು ಗಂಟೆಗೆ 'ಎಪಿಡ್ಯೂರಲ್ ಕೆಲಸ ಮಾಡುತ್ತಿಲ್ಲ' ಎಂಬ ದೂರು ಬಾರದಂತೆ ತಡೆಯುವುದಕ್ಕೆ ಇಷ್ಟೊಂದು ಸರಳವಾದ, ಖರ್ಚೇ ಇಲ್ಲದ ಉಪಾಯ ಇನ್ನೊಂದನ್ನು ಕಾಣೆ.

ಬಿ.ಎಂ.ಐ. ಉಪಯುಕ್ತವಾದುದೆಂದ ಮಾತ್ರಕ್ಕೆ ಅದನ್ನು ಸರ್ವಜ್ಞನ ಪೀಠದಲ್ಲಿ ಕೂರಿಸಬಾರದು. ಕಿಲೋಗ್ರಾಮಿನ ತೂಕವನ್ನು ಮೀಟರಿನ ಎತ್ತರದ ವರ್ಗದಿಂದ ಭಾಗಿಸುವ ಈ ಲೆಕ್ಕ ಬೆಲ್ಜಿಯಂ ದೇಶದ ಖಗೋಳವಿಜ್ಞಾನಿ, ಗಣಿತಜ್ಞ ಅಡಾಲ್ಫ್ ಕೆಟಲೆ 1830ರ ದಶಕದಲ್ಲಿ 'ಸರಾಸರಿ ಮನುಷ್ಯ'ನನ್ನು ನಿರೂಪಿಸಲು ಹೊರಟಾಗ ಕಂಡುಕೊಂಡದ್ದು; ಒಬ್ಬೊಬ್ಬ ರೋಗಿಯ ಕೊಬ್ಬನ್ನು ತೂಗುವ ಉದ್ದೇಶ ಆತನಿಗಿರಲಿಲ್ಲ. 1972ರಲ್ಲಿ ಆನ್ಸೆಲ್ ಕೀಸ್ ಅದಕ್ಕೆ ಇಂದಿನ ಹೆಸರನ್ನು ಕೊಟ್ಟನು. ಆ ಅಂಕಿ ಕೊಬ್ಬು ಎಷ್ಟಿದೆಯೆಂಬುದನ್ನು ಅಂದಾಜಾಗಿ ಹೇಳೀತೇ ಹೊರತು ಎಲ್ಲಿದೆಯೆಂಬುದನ್ನು ಹೇಳಲಾರದು. 2004ರಲ್ಲಿ ಪುಣೆಯ ವೈದ್ಯ ಚಿತ್ತರಂಜನ ಯಾಜ್ಞಿಕರೂ ಲಂಡನ್ನಿನ ಜಾನ್ ಯುಡ್ಕಿನ್ನರೂ ಒಟ್ಟಿಗೆ ತಮ್ಮ ಭಾವಚಿತ್ರವನ್ನೇ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಅಚ್ಚುಮಾಡಿಸಿದರು: ಇಬ್ಬರ ಬಿ.ಎಂ.ಐ.ಯೂ 22.3, ಆದರೆ ಯುಡ್ಕಿನ್ನರ ದೇಹದಲ್ಲಿ ಕೊಬ್ಬು ನೂರಕ್ಕೆ 9.1, ಯಾಜ್ಞಿಕರಲ್ಲಿ 21.2. ನಮ್ಮ ಜನರಲ್ಲಿ ಕೊಬ್ಬು ಹೊಟ್ಟೆಯ ಸುತ್ತ ಸೇರುವ ಪ್ರವೃತ್ತಿ ಹೆಚ್ಚೆಂಬ ಕಾರಣದಿಂದಲೇ ಭಾರತೀಯರಿಗೆ ಸ್ಥೂಲತೆಯ ಮಿತಿಯನ್ನು 30ರಿಂದ 25ಕ್ಕೆ ಇಳಿಸಿ, ಹೆಂಗಸರಿಗೆ 80 ಸೆಂಟಿಮೀಟರು, ಗಂಡಸರಿಗೆ 90 ಸೆಂಟಿಮೀಟರು ಎಂದು ನಡುವಿನ ಸುತ್ತಳತೆಯ ಮಿತಿಯನ್ನೂ ಗೊತ್ತುಪಡಿಸಲಾಗಿದೆ. ಒಂದೇ ಬಿ.ಎಂ.ಐ. ಇರುವ ಇಬ್ಬರು ಹೆಂಗಸರಲ್ಲಿ ಒಬ್ಬಳ ಮೇದಸ್ಸು ತೊಡೆಗಳಲ್ಲಿಯೂ ಪೃಷ್ಠದಲ್ಲಿಯೂ ನೆಲೆಸಿದ್ದು ಬೆನ್ನು ತೆಳುವಾಗಿರಬಹುದು. ಇನ್ನೊಬ್ಬಳ ಬೆನ್ನಿನ ಮೇಲೆಯೇ ನಾಲ್ಕು ಬೆರಳ ದಪ್ಪ ಪದರವಿರಬಹುದು. ಅರಿವಳಿಕೆ ಕೊಡುವವರು ಅಂಕಿಯನ್ನು ಓದಿದ ಮೇಲೆ ಬೆನ್ನನ್ನು ನೋಡಲೇಬೇಕು.

ಇಷ್ಟು ಹೊತ್ತು ಹೇಳಿದುದು ಸೂಜಿಯ ದಾರಿ. ಆದರೆ ಅಳತೆಯ ಮಹತ್ವ ನನಗೆ ಅತ್ಯಂತ ಹೆಚ್ಚಾಗಿ ಕಾಣುವುದು ಔಷಧದ ಪ್ರಮಾಣವನ್ನು ನಿರ್ಣಯಿಸುವಲ್ಲಿ; ಲೋಕದ ಸಾಮಾನ್ಯ ಬುದ್ಧಿ ಇಲ್ಲಿ ತೀರ ವಿರುದ್ಧವಾದ ದಿಕ್ಕಿನಲ್ಲಿ ಹೋಗುತ್ತದೆ. ದೊಡ್ಡ ದೇಹಕ್ಕೆ ದೊಡ್ಡ ಪ್ರಮಾಣದ ಔಷಧ ಬೇಕೆಂಬುದು ಎಲ್ಲರ ಎಣಿಕೆ. ಜ್ವರದ ಗುಳಿಗೆಯಿಂದ ಹಿಡಿದು ಪ್ರತಿಜೈವಿಕದವರೆಗೆ ಆ ಎಣಿಕೆಗೆ ಒಂದಿಷ್ಟು ಆಧಾರವೂ ಇದೆ. ಎಪಿಡ್ಯೂರಲ್‌ನಲ್ಲಿಯಾದರೋ ದೇಹ ಸ್ಥೂಲವಾದಷ್ಟೂ ಔಷಧವು ಕಡಿಮೆ ಸಾಕು. ಬೆನ್ನಿನಲ್ಲಿ ಕೊಟ್ಟ ಔಷಧ ರಕ್ತದಲ್ಲಿ ಕರಗಿ ಮೈಯೆಲ್ಲ ಹರಡಿ ಕೆಲಸ ಮಾಡುವಂಥದ್ದಲ್ಲ. ಆ ಕಿರಿದಾದ ಅವಕಾಶದಲ್ಲಿ ಮೇಲಕ್ಕೂ ಕೆಳಕ್ಕೂ ಹರಿದು, ತಾನು ಮುಟ್ಟಿದ ನರಗಳ ಬೇರುಗಳನ್ನು ಮಾತ್ರ ಮಂಕುಗೊಳಿಸತಕ್ಕದ್ದು. ಆದುದರಿಂದ ಲೆಕ್ಕಕ್ಕೆ ಬರುವುದು ದೇಹದ ಭಾರವಲ್ಲ, ಆ ಅವಕಾಶದ ಗಾತ್ರ. ಮಾಂಟ್ರಿಯಲ್‌ನ ಫಿಲಿಪ್ ಬ್ರೋಮೇಜ್ ಇದಕ್ಕೆ ಎತ್ತರವನ್ನು ಆಧಾರವಾಗಿಟ್ಟು ಒಂದು ಸೂತ್ರ ಕಟ್ಟಿದನು: 150 ಸೆಂಟಿಮೀಟರು ಎತ್ತರದವರಿಗೆ ಮಂಕುಗೊಳಿಸಬೇಕಾದ ಒಂದೊಂದು ನರಖಂಡಕ್ಕೆ ಒಂದು ಮಿಲಿಲೀಟರು, ಅಲ್ಲಿಂದ ಮೇಲೆ ಪ್ರತಿ ಐದು ಸೆಂಟಿಮೀಟರಿಗೆ 0.1 ಮಿಲಿಲೀಟರು ಹೆಚ್ಚು. ಸಿಸೇರಿಯನ್ನಿಗೆ ಎದೆಯ ನಾಲ್ಕನೆಯ ನರದಿಂದ ಬೆನ್ನೆಲುಬಿನ ಬುಡದ ತ್ರಿಕದ ಕಡೆಯ ನರದವರೆಗೆ ಸುಮಾರು ಹತ್ತೊಂಬತ್ತು ಖಂಡಗಳಾಗುತ್ತವೆ. 160 ಸೆಂಟಿಮೀಟರಿನವಳಿಗೆ ಈ ಸೂತ್ರದಂತೆ ಸುಮಾರು 23 ಮಿಲಿಲೀಟರು. ಆದರೆ ಗರ್ಭಿಣಿಗೆ ಇದಕ್ಕಿಂತ ಕಡಿಮೆ ಸಾಕು, ಸ್ಥೂಲಕಾಯದ ಗರ್ಭಿಣಿಗೆ ಇನ್ನೂ ಕಡಿಮೆ.

ಏಕೆಂಬುದಕ್ಕೆ ಉತ್ತರ ಬೆನ್ನಿನಲ್ಲಿಲ್ಲ, ಹೊಟ್ಟೆಯಲ್ಲಿದೆ. ಗರ್ಭದ ಭಾರವೂ ಉದರದ ಮೇದಸ್ಸಿನ ಭಾರವೂ ಸೇರಿ ದೇಹದ ದೊಡ್ಡ ರಕ್ತನಾಳವಾದ ಅಧೋಮಹಾಸಿರೆಯನ್ನು ಅದುಮುತ್ತವೆ. ಕಾಲುಗಳಿಂದಲೂ ಕಟಿಯಿಂದಲೂ ಮೇಲೇರಬೇಕಾದ ರಕ್ತವು ದಾರಿ ಕಾಣದೆ ಬೆನ್ನೆಲುಬಿನ ಒಳಗಣ ಸಿರೆಗಳಿಗೆ ನುಗ್ಗಿ ಅವುಗಳನ್ನು ಉಬ್ಬಿಸುತ್ತದೆ. ಉದರದ ಒತ್ತಡವು ಪಕ್ಕದ ರಂಧ್ರಗಳ ಮೂಲಕ ಮೃದುವಾದ ಅಂಗಾಂಶವನ್ನು ಒಳಕ್ಕೆ ತಳ್ಳುತ್ತದೆ. ಹೀಗೆ ಅವಕಾಶವು ಎಲ್ಲ ಕಡೆಯಿಂದಲೂ ಕಿರಿದಾಗಿ, ಅಷ್ಟೇ ಔಷಧವು ಹೆಚ್ಚು ಮೇಲಕ್ಕೆ ಏರುತ್ತದೆ. ಹಾಜ್‌ಕಿನ್ಸನ್ ಮತ್ತು ಹುಸೇನ್ ಎಂಬ ವೈದ್ಯರು ಸಿಸೇರಿಯನ್ನಿಗೆ ಬಂದ ಹೆಂಗಸರಲ್ಲಿ ಬ್ಯುಪಿವಕೇನ್ ಔಷಧದ ಹರಡುವಿಕೆಯನ್ನು ಅಳೆದು, ಸ್ಥೂಲತೆ ಹೆಚ್ಚಿದಂತೆ ಅರಿವಳಿಕೆ ಮೇಲೆ ಮೇಲೆ ಹೋಗುವುದನ್ನು 1980ರಲ್ಲಿಯೇ ತೋರಿಸಿದ್ದರು. 1996ರಲ್ಲಿ ಅಮೆರಿಕದ ಕ್ವಿನ್ ಹೋಗನ್ ಎಂ.ಆರ್.ಐ. ಚಿತ್ರಗಳ ಸಹಾಯದಿಂದ, ಸ್ಥೂಲಕಾಯರಲ್ಲಿ ಬೆನ್ನಿನ ಕೆಳಭಾಗದ ರಸದ ಪರಿಮಾಣವೇ ಕಡಿಮೆಯೆಂದೂ, ಹೊಟ್ಟೆಯನ್ನು ಹೊರಗಿನಿಂದ ಒತ್ತಿದರೂ ಅದೇ ಪರಿಣಾಮವಾಗುವುದೆಂದೂ ಕಣ್ಣಿಗೆ ಕಾಣುವಂತೆ ಮಾಡಿದನು. ಪ್ಯಾನಿ ಮತ್ತು ಕಾಲಂಬ್ 2006ರಲ್ಲಿ ಪ್ರಸವವೇದನೆಗೆ ಬೇಕಾದ ಔಷಧದ ಸಾಂದ್ರತೆಯನ್ನೇ ಹೋಲಿಸಿ ನೋಡಿದಾಗ, ಸ್ಥೂಲಕಾಯದ ತಾಯಂದಿರಿಗೆ ಗಣನೀಯವಾಗಿ ಕಡಿಮೆಯಾದುದೇ ಸಾಕಾಯಿತು.

ಕಾರಣವು ಹೊಟ್ಟೆಯಲ್ಲಿದೆಯೆಂದಾದ ಮೇಲೆ ಅಳೆಯಬೇಕಾದದ್ದೂ ಹೊಟ್ಟೆಯನ್ನೇ ಅಲ್ಲವೇ? 2010ರ ದಶಕದಲ್ಲಿ ಚೀನಾದ ಅರಿವಳಿಕೆ ತಜ್ಞರು ಮೊದಲು, ಡ್ಯೂರಾ ಪೊರೆಯೊಳಗಿನ ರಸಕ್ಕೇ ಔಷಧ ಕೊಡುವ ಸ್ಪೈನಲ್ ಅರಿವಳಿಕೆಯಲ್ಲಿ ಈ ದಾರಿಯನ್ನು ತುಳಿದರು. ನಡುವಿನ ಸುತ್ತಳತೆಯನ್ನು ಟೇಪಿನಿಂದ ಅಳೆದು, ಕತ್ತಿನ ಬುಡದ ಕಶೇರುವಿನಿಂದ ತ್ರಿಕದವರೆಗಿನ ಬೆನ್ನೆಲುಬಿನ ಉದ್ದವನ್ನೂ ಅಳೆದು, ಇವೆರಡನ್ನೂ ಔಷಧದ ಹರಡುವಿಕೆಯೊಡನೆ ತೂಗಿ ನೋಡಿದಾಗ, ಸುತ್ತಳತೆ ಹೆಚ್ಚಿದ್ದವರಲ್ಲಿ ಅರಿವಳಿಕೆ ಮೇಲಕ್ಕೂ, ಬೆನ್ನು ಉದ್ದವಿದ್ದವರಲ್ಲಿ ಕೆಳಕ್ಕೂ ನಿಲ್ಲುವುದು ಕಂಡುಬಂದಿತು. ತೂಕ ಮತ್ತು ಎತ್ತರಗಳಿಗಿಂತ ಈ ಜೋಡಿ ಅಳತೆಗಳೇ ಹೆಚ್ಚು ನಂಬತಕ್ಕವಾಗಿದ್ದವು. ಇದೇ ತರ್ಕವನ್ನು ಸ್ಥೂಲಕಾಯರ ಎಪಿಡ್ಯೂರಲ್‌ಗೆ ಅನ್ವಯಿಸುವುದು ಸಹಜವಾದ ಮುಂದಿನ ಹೆಜ್ಜೆ. ಒಂದು ದರ್ಜಿಯ ಟೇಪು ಸಿಗದ ಆಸ್ಪತ್ರೆ ನಮ್ಮ ನಾಡಿನಲ್ಲಿ ಒಂದೂ ಇರಲಾರದು. ಎರಡು ನಿಮಿಷದಲ್ಲಿ ಮುಗಿಯುವ ಕೆಲಸ. ಅಂತಹ ಅಳತೆಯನ್ನು ತೆಗೆಯದೆ, ತೂಕವನ್ನು ನೋಡಿ ಔಷಧವನ್ನು ಹೆಚ್ಚಿಸುವುದಾಗಲಿ, ಯಾರಿಗಾದರೂ ಒಂದೇ ಎಂದು ರೂಢಿಯ ಪ್ರಮಾಣವನ್ನು ಒಮ್ಮೆಗೇ ತಳ್ಳಿಬಿಡುವುದಾಗಲಿ ಸಲ್ಲದು. ಅರಿವಳಿಕೆಯು ಬೇಕಾದುದಕ್ಕಿಂತ ಮೇಲೇರಿದರೆ ರಕ್ತದೊತ್ತಡ ಕುಸಿಯುತ್ತದೆ, ಕೈಬೆರಳುಗಳು ಜೋಮು ಹಿಡಿಯುತ್ತವೆ, ಎದೆಯ ಸ್ನಾಯುಗಳು ಸೋತು ಉಸಿರು ಮೇಲಕ್ಕೆ ಬಾರದಂತಾಗುತ್ತದೆ; ಮೊದಲೇ ಭಾರವಾದ ಎದೆಯುಳ್ಳವಳಿಗೆ ಅದು ಪ್ರಾಣಸಂಕಟ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಯಾವ ಅಳತೆಯೂ ಔಷಧದ ಪ್ರಮಾಣವನ್ನು ತಾನೇ ನಿರ್ಣಯಿಸಿಬಿಡುವುದಿಲ್ಲ. ಎಲ್ಲಿಂದ ಆರಂಭಿಸಬೇಕೆಂಬುದನ್ನು ಮಾತ್ರ ಹೇಳುತ್ತದೆ. ಮೊದಲು ಮೂರು ಮಿಲಿಲೀಟರಿನ ಪರೀಕ್ಷಾ ಪ್ರಮಾಣ, ಆಮೇಲೆ ಐದೈದು ಮಿಲಿಲೀಟರಿನ ಕಂತುಗಳು, ಪ್ರತಿ ಕಂತಿನ ಬಳಿಕ ಮಂಜುಗಡ್ಡೆಯ ಚೂರೊಂದನ್ನು ತೊಡೆಯಿಂದ ಎದೆಯವರೆಗೆ ತಾಗಿಸುತ್ತ ತಣ್ಣಗೆ ಎಲ್ಲಿಂದ ಗೊತ್ತಾಗುತ್ತದೆಂದು ಕೇಳುವುದು, ರಕ್ತದೊತ್ತಡವನ್ನು ನೋಡುವುದು. ಒಮ್ಮೆಗೇ ಕೊಟ್ಟು ಮುಗಿಸುವ ಸ್ಪೈನಲ್‌ಗೆ ಇಲ್ಲದ ಈ ಹಂತಹಂತದ ಸೌಲಭ್ಯವೇ ಸ್ಥೂಲಕಾಯರಲ್ಲಿ ಎಪಿಡ್ಯೂರಲ್‌ನ ದೊಡ್ಡ ಗುಣ.

ಅಲ್ಟ್ರಾಸೌಂಡ್ ಯಂತ್ರವು ಬಂದ ಮೇಲೆ ಬೆನ್ನಿನ ಆಳವನ್ನು ಊಹಿಸುವ ಬದಲು ನೇರವಾಗಿ ಅಳೆಯುವುದು ಸಾಧ್ಯವಾಗಿದೆ. ಯಂತ್ರದ ಪ್ರೋಬನ್ನು ತ್ರಿಕದ ಮೇಲಿಟ್ಟು ಒಂದೊಂದೇ ಸಂದನ್ನು ಎಣಿಸುತ್ತ ಮೇಲೇರಿ, ಬೇಕಾದ ಸಂದಿನಲ್ಲಿ ನಿಂತು, ಪರದೆಯ ಮೇಲೆ ಹಳದಿ ಅಸ್ಥಿಬಂಧವೂ ಡ್ಯೂರಾ ಪೊರೆಯೂ ಸೇರಿ ಕಾಣುವ ಬಿಳಿಯ ಗೆರೆಯವರೆಗೆ ಅಳೆದರೆ ಆಳ ಸಿಗುತ್ತದೆ. ಚರ್ಮದ ಮೇಲೆ ಪೆನ್ನಿನಿಂದ ಗುರುತು ಮಾಡಿಕೊಂಡರೆ ಮಧ್ಯರೇಖೆಯೂ ಸಂದೂ ಎರಡೂ ನಿಶ್ಚಯವಾಗುತ್ತವೆ. ಟೊರಾಂಟೊ ನಗರದಲ್ಲಿ ಬಾಲ್ಕಿ ಮತ್ತು ಸಂಗಡಿಗರು ಸ್ಥೂಲಕಾಯದ ಗರ್ಭಿಣಿಯರಲ್ಲಿ ಹೀಗೆ ಅಳೆದ ಆಳಕ್ಕೂ ಸೂಜಿಯು ನಿಜವಾಗಿ ತಲುಪಿದ ಆಳಕ್ಕೂ ನಿಕಟವಾದ ಹೊಂದಾಣಿಕೆಯಿರುವುದನ್ನು 2009ರಲ್ಲಿ ತೋರಿಸಿದರು. ಇಂಗ್ಲೆಂಡಿನ ರಾಷ್ಟ್ರೀಯ ಆರೋಗ್ಯ ಮಾರ್ಗದರ್ಶಕ ಸಂಸ್ಥೆ ಈ ವಿಧಾನವನ್ನು 2008ರಷ್ಟು ಹಿಂದೆಯೇ ಅಂಗೀಕರಿಸಿತ್ತು. ಪ್ರೋಬನ್ನು ಬಲವಾಗಿ ಒತ್ತಿದರೆ ಕೊಬ್ಬು ಅಮುಕಿಹೋಗಿ ಆಳವು ನಿಜಕ್ಕಿಂತ ಕಡಿಮೆ ತೋರುವುದೆಂಬ ಎಚ್ಚರವೊಂದಿರಬೇಕು. ನಮ್ಮ ಜಿಲ್ಲಾ ಆಸ್ಪತ್ರೆಗಳಲ್ಲಿ ಗರ್ಭದ ಪರೀಕ್ಷೆಗೆಂದು ಈ ಯಂತ್ರ ಹೇಗೂ ಇದ್ದೇ ಇರುತ್ತದೆ. ಅದು ಕಾನೂನಿನ ನಿಬಂಧನೆಗಳಿಗೆ ಒಳಪಟ್ಟ ಯಂತ್ರವಾದ್ದರಿಂದ ಹೆರಿಗೆ ಕೋಣೆಗೆ ಒಯ್ಯಲು ಮಾಡಿಕೊಳ್ಳಬೇಕಾದ ವ್ಯವಸ್ಥೆಯನ್ನು ಆಡಳಿತದವರು ಮುಂಚಿತವಾಗಿ ಮಾಡಿಕೊಡಬೇಕು.

ಇಷ್ಟೆಲ್ಲ ತೊಂದರೆಗಿಂತ ಪೂರ್ಣ ಅರಿವಳಿಕೆ ಕೊಟ್ಟು ನಿದ್ರೆಗೊಯ್ಯುವುದೇ ಸುಲಭವಲ್ಲವೇ ಎಂದು ಯಾರಾದರೂ ಕೇಳಿಯಾರು. ಹಾಗೆ ಮಾಡಬೇಕಾದರೆ ಉಸಿರಿನ ಕೊಳವೆಯನ್ನು ಗಂಟಲೊಳಗೆ ಇಳಿಸಬೇಕು. ಗರ್ಭಿಣಿಯಲ್ಲಿ ಅದು ಕಷ್ಟ, ಸ್ಥೂಲಕಾಯದ ಗರ್ಭಿಣಿಯಲ್ಲಿ ಅತಿ ಕಷ್ಟ. ಇಲ್ಲಿಯೂ ತೂಕಕ್ಕಿಂತ ಹೆಚ್ಚು ಹೇಳುವುದು ಬೇರೊಂದು ಅಳತೆಯೇ: ಸ್ಥೂಲಕಾಯರಲ್ಲಿ ಕೊರಳಿನ ಸುತ್ತಳತೆ 40 ಸೆಂಟಿಮೀಟರು ಇದ್ದಾಗ ಕೊಳವೆ ಇಳಿಸುವುದು ಕಷ್ಟವಾಗುವ ಸಂಭವ ನೂರಕ್ಕೆ 5, 60 ಇದ್ದಾಗ ನೂರಕ್ಕೆ 35 ಎಂದು ಬ್ರಾಡ್‌ಸ್ಕಿ ಮತ್ತು ಸಂಗಡಿಗರು 2002ರಲ್ಲಿ ಲೆಕ್ಕ ಹಾಕಿದರು. ಆದುದರಿಂದ ಬೆನ್ನಿನ ದಾರಿ ಎಷ್ಟೇ ತೊಡಕಿನದಾದರೂ ಅದೇ ಸುರಕ್ಷಿತವಾದ ದಾರಿ. ಅದು ತೊಡಕಿನದೆಂಬುದೂ ನಿಜವೇ: ಮುನ್ನೂರು ಪೌಂಡಿಗಿಂತ, ಎಂದರೆ ಸುಮಾರು 136 ಕಿಲೋಗಿಂತ ಹೆಚ್ಚು ತೂಕದ ಗರ್ಭಿಣಿಯರಲ್ಲಿ ಮೊದಲು ಹಾಕಿದ ಎಪಿಡ್ಯೂರಲ್ ನೂರಕ್ಕೆ 42ರಷ್ಟು ವಿಫಲವಾಯಿತೆಂದೂ, ಉಳಿದವರಲ್ಲಿ ಅದು 6 ಮಾತ್ರವೆಂದೂ ಹುಡ್ ಮತ್ತು ಡ್ಯೂವಾನ್ 1993ರಲ್ಲಿ ವರದಿ ಮಾಡಿದರು. ಆ ವರದಿಯಲ್ಲಿ ನಿರಾಶೆಗೆ ಕಾರಣವಿಲ್ಲ, ಏಕೆಂದರೆ ಮತ್ತೊಮ್ಮೆ ಹಾಕಿದಾಗ ಬಹುಮಂದಿಯಲ್ಲಿ ಅದು ಸಫಲವಾಯಿತು. ಮತ್ತೊಮ್ಮೆ ಹಾಕುವುದಕ್ಕೆ ಮಾತ್ರ ಸಮಯ ಬೇಕು. ಮಗುವಿನ ಎದೆಬಡಿತ ಇಳಿಯುತ್ತಿದೆಯೆಂದು ಓಡಿಬಂದ ಮೇಲೆ ಆ ಸಮಯ ಯಾರ ಬಳಿಯಲ್ಲಿಯೂ ಇರುವುದಿಲ್ಲ. ಹೆರಿಗೆ ನೋವು ಆರಂಭವಾದ ಹೊತ್ತಿನಲ್ಲಿಯೇ ಕ್ಯಾಥೆಟರನ್ನು ಹಾಕಿ, ಅದು ಸರಿಯಾಗಿ ಕೆಲಸ ಮಾಡುತ್ತಿದೆಯೆಂದು ಖಚಿತಪಡಿಸಿಕೊಂಡಿದ್ದರೆ ತುರ್ತು ಸಿಸೇರಿಯನ್ ಬಂದರೂ ಅದೇ ಕ್ಯಾಥೆಟರಿನಿಂದ ಕೆಲಸವಾಗುತ್ತದೆ.

ಬ್ರಿಟನ್ನಿನಲ್ಲಿ ಬಿ.ಎಂ.ಐ. 40 ಅಥವಾ ಅದಕ್ಕೆ ಮೇಲ್ಪಟ್ಟ ಗರ್ಭಿಣಿಯರೆಲ್ಲರೂ ಹೆರಿಗೆಗೆ ಮುಂಚೆಯೇ ಅರಿವಳಿಕೆ ವೈದ್ಯರನ್ನು ಕಾಣಬೇಕೆಂಬ ಸೂಚನೆ 2010ರಿಂದಲೂ ಜಾರಿಯಲ್ಲಿದೆ. ನಮ್ಮಲ್ಲಿ ಅರಿವಳಿಕೆ ವೈದ್ಯರನ್ನು ಗರ್ಭಿಣಿ ಮೊದಲ ಬಾರಿ ಕಾಣುವುದು ಬಹುಮಟ್ಟಿಗೆ ಶಸ್ತ್ರಕ್ರಿಯೆಯ ಕೋಣೆಯಲ್ಲಿಯೇ. ಇದು ಬದಲಾಗಬೇಕು. ದಪ್ಪಗಿರುವ ಹೆಣ್ಣುಮಗಳು ತೂಕದ ಯಂತ್ರದ ಬಳಿ ನಿಂತಾಗ ಸುತ್ತಲಿನವರ ಮುಖದಲ್ಲಿ ಮೂಡುವ ನಗೆಯೂ, ಗಟ್ಟಿಯಾಗಿ ಕೂಗಿ ಹೇಳುವ ಅಂಕಿಯೂ ಆಕೆಯನ್ನು ಆಸ್ಪತ್ರೆಯಿಂದ ದೂರವಿಡುವುದನ್ನು ನಾನು ಬಲ್ಲೆ. ಹಾಗೆ ದೂರವಾದವಳ ಎತ್ತರವೂ ನಡುವೂ ಬೆನ್ನೂ ಅಳೆಯಲ್ಪಡದೆಯೇ ಉಳಿದು, ಕಡೆಯ ಗಳಿಗೆಯಲ್ಲಿ ಅಪಾಯವಾಗಿ ಎದುರಾಗುತ್ತವೆ. ಅಳತೆಯನ್ನು ಮರೆಯಲ್ಲಿ, ಮರ್ಯಾದೆಯಿಂದ ತೆಗೆದುಕೊಳ್ಳುವುದು ಚಿಕಿತ್ಸೆಯ ಮೊದಲ ಅಂಗವೆಂದು ನಮ್ಮ ಸಿಬ್ಬಂದಿಗೆ ಕಲಿಸಬೇಕು.

ಗರ್ಭಿಣಿಯಾದ ತಾಯಿಗೂ, ಆಕೆಯ ಜೊತೆ ಆಸ್ಪತ್ರೆಗೆ ಬರುವ ಅತ್ತೆಗೂ ಅಮ್ಮನಿಗೂ ಗಂಡನಿಗೂ ನನ್ನ ವಿನಂತಿಯಿಷ್ಟು. ಏಳೆಂಟು ತಿಂಗಳು ತುಂಬುವ ಹೊತ್ತಿಗೆ ನಿಮ್ಮ ಹೆರಿಗೆ ಡಾಕ್ಟರನ್ನು ಕೇಳಿ ಅನಸ್ತೇಶಿಯಾ ಡಾಕ್ಟರನ್ನು ಒಮ್ಮೆ ಕಂಡು ಬನ್ನಿರಿ. ಎತ್ತರ, ತೂಕ ಎರಡನ್ನೂ ಮುಚ್ಚುಮರೆಯಿಲ್ಲದೆ ಹೇಳಿರಿ. ಹಿಂದಿನ ಹೆರಿಗೆಯಲ್ಲಿ ಬೆನ್ನಿನ ಇಂಜೆಕ್ಷನ್ನಿಗೆ ಕಷ್ಟವಾಗಿತ್ತಾದರೆ ಅದನ್ನೂ ತಿಳಿಸಿರಿ. ಅವರು ಬೆನ್ನನ್ನೂ ನಡುವನ್ನೂ ಕೊರಳನ್ನೂ ಅಳೆದು ನೋಡುತ್ತೇವೆಂದರೆ ಸಂಕೋಚಪಡದೆ ಒಪ್ಪಿರಿ, ಅಳೆಯದಿದ್ದರೆ ಅಳೆಯಿರೆಂದು ನೀವೇ ಕೇಳಿರಿ.